ನಾಲ್ಕು ಥ್ರಾಟಲ್, ಒಂದು ಟರ್ಬೊ: ಜಿಪ್ಸಿಗೆ ಪ್ಲೀನಮ್ ಮಾಡಿದ ನನ್ನ ಅನುಭವ

ಸಿಲಿಂಡರಿಗೊಂದು ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಕೂರಿಸಿದ ಮೇಲೆ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಹಾಕುವುದು ದುಡ್ಡು ಸುಡುವ ಕೆಲಸವೆಂದು ಚಿಕ್ಕಮಗಳೂರಿನ ರ‍್ಯಾಲಿ ಬಳಗದಲ್ಲಿ ನನಗೆ ಹೇಳದವರಿಲ್ಲ. ನಿಸ್ಸಾನ್‌ನವರು 1989ರಲ್ಲೇ ಆರ್‌ಬಿ26 ಎಂಜಿನ್ನಿಗೆ ಆರು ಥ್ರಾಟಲ್, ಎರಡು ಟರ್ಬೊ ಕೊಟ್ಟಿದ್ದರಲ್ಲ ಎಂದರೆ, ‘ಅದು ಕಾರ್ಖಾನೆ, ನಿಮ್ಮದು ಶೆಡ್ಡು’ ಎನ್ನುತ್ತಿದ್ದರು. ಆ ಶೆಡ್ಡಿನ ಪ್ಲೀನಮ್, ಅಂದರೆ ಟರ್ಬೊದ ಗಾಳಿಯನ್ನು ನಾಲ್ಕೂ ಥ್ರಾಟಲಿಗೆ ಹಂಚುವ ಪೆಟ್ಟಿಗೆ, ಎರಡು ಮಳೆಗಾಲ ಕಳೆದರೂ ಸೋರದೆ ನಿಂತಿದೆ.

ಎಂಜಿನ್ ಜಿಪ್ಸಿಯ 1298 ಸಿಸಿಯದು, ಥ್ರಾಟಲ್‌ಗಳು ಹಳೆಯ 600 ಸಿಸಿ ಬೈಕಿನವು. ಪ್ಲೀನಮ್ ದೊಡ್ಡದಾದರೆ ಪಿಕಪ್ ಸಾಯುತ್ತದೆ ಎಂಬುದು ಎಲ್ಲರ ವಾದವಾಗಿತ್ತು. ಒಂದೇ ಥ್ರಾಟಲ್ ಇರುವಲ್ಲಿ ಅದು ಸರಿ. ಅಲ್ಲಿ ಪ್ಲೀನಮ್ ಥ್ರಾಟಲಿನ ಒಳಬದಿಗಿದ್ದು, ಕಾಲು ಎತ್ತಿದಾಗಲೆಲ್ಲ ಖಾಲಿಯಾಗಿ ಮತ್ತೆ ತುಂಬಿಕೊಳ್ಳಬೇಕು. ನಾಲ್ಕು ಥ್ರಾಟಲ್ ವಾಲ್ವಿನ ಪಕ್ಕದಲ್ಲೇ ಇದ್ದಾಗ ಪ್ಲೀನಮ್ ಅವುಗಳ ಹೊರಗೇ ಉಳಿಯುವುದರಿಂದ, ಘಾಟಿಯ ತಿರುವಿನಲ್ಲಿ ಕಾಲು ಎತ್ತಿ ಒತ್ತಿದರೆ ಗಾಳಿ ಅಲ್ಲಿ ಸಿದ್ಧವಾಗಿರುತ್ತದೆ. ಆದ್ದರಿಂದ ಧೈರ್ಯವಾಗಿ ಸುಮಾರು 2.5 ಲೀಟರಿಗೆ ಹೋದೆ.

ಮೊದಲನೆಯದು ತಗಡಿನ ಚೌಕ ಪೆಟ್ಟಿಗೆ. 36 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಮುಖದ ಮೇಲೆ 0.6 ಬಾರ್ ಒತ್ತಡವೆಂದರೆ 220 ಕೆಜಿ ಭಾರ. ಅದು ಉಬ್ಬಿ, ಮೂಲೆಯ ವೆಲ್ಡಿಂಗ್ ಬಿರಿದು, ಒಂಬತ್ತು ಸಾವಿರದಷ್ಟು ನೀರಿನಲ್ಲಿ ಹೋಯಿತು. ಎರಡನೆಯದಕ್ಕೆ ನಾಲ್ಕು ಇಂಚಿನ ಅಲ್ಯೂಮಿನಿಯಂ ಪೈಪು ತರಿಸಿ, ಹಾಸನದಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡಿಸಿದೆ. ದುಂಡಗಿನದು ಉಬ್ಬುವುದಿಲ್ಲ. ಆದರೆ ಸೋಪಿನ ನೀರು ಹಚ್ಚಿ ನೋಡಿದರೆ ಥ್ರಾಟಲ್ ಸ್ಪಿಂಡಲ್ಲುಗಳ (ಬಾಗಿಲು ತಿರುಗುವ ಸರಳುಗಳ) ತುದಿಯಲ್ಲಿ ಗುಳ್ಳೆ. ಬೈಕಿನ ಸೀಲುಗಳು ಒಳಗಿನಿಂದ ಬರುವ ಒತ್ತಡಕ್ಕೆ ಮಾಡಿದವಲ್ಲ. ಲೇತಿನಲ್ಲಿ ಜಾಗ ಕೊರೆಸಿ ಓ-ರಿಂಗ್ ಹಾಕಿಸಿದ್ದಕ್ಕೆ ವೆಲ್ಡಿಂಗಿಗಿಂತ ಹೆಚ್ಚು ಖರ್ಚಾಯಿತು. ಟರ್ಬೊ, ಇಸಿಯು (ಪೆಟ್ರೋಲಿನ ಲೆಕ್ಕ ನೋಡುವ ಕಂಪ್ಯೂಟರ್) ಬಿಟ್ಟು ಒಟ್ಟು ನಲವತ್ತು ಸಾವಿರದ ಆಸುಪಾಸು.

ನಿಜವಾದ ತಲೆನೋವು ಹಂಚಿಕೆಯದು. ಗಾಳಿ ಒಂದು ತುದಿಯಿಂದ ನುಗ್ಗಿ ಎದುರು ತುದಿಗೆ ಬಡಿದು ಅಲ್ಲೇ ಒತ್ತಿಕೊಳ್ಳುವುದರಿಂದ ನಾಲ್ಕನೆಯ ಸಿಲಿಂಡರಿಗೆ ಗಾಳಿ ಹೆಚ್ಚಾಗಿ, ಅದರ ಪ್ಲಗ್ಗು ಬೆಳ್ಳಗೆ ಬರುತ್ತಿತ್ತು. ತೋಟಕ್ಕೆ ಔಷಧಿ ಹೊಡೆಯುವ ಬೆನ್ನಿನ ಬ್ಲೋವರನ್ನೇ ಪ್ಲೀನಮ್ಮಿನ ಬಾಯಿಗೆ ಕಟ್ಟಿ, ಪ್ರತಿ ಥ್ರಾಟಲಿಗೂ ನೀರು ತುಂಬಿದ ಯು ಆಕಾರದ ಪೈಪು ಜೋಡಿಸಿ ಅಳೆದೆ. ಬೇಗ ಬೇಗ ಆಕಾರ ಬದಲಿಸಲು ಪಿವಿಸಿ ಪೈಪಿನಲ್ಲೂ ಒಂದು ಮಾಡಿದ್ದೆ. ಪಿವಿಸಿ ಒತ್ತಡಕ್ಕೆ ಸಿಡಿದು ಚೂರಾಗಬಹುದು; ಅಂಥದ್ದನ್ನು ಎಂಜಿನ್ನಿಗೆ ಹಾಕುವವರು ಬಾನೆಟ್ಟಿನ ಹತ್ತಿರ ಮುಖ ಒಯ್ಯದಿರುವುದು ಒಳ್ಳೆಯದು. ಒಳಗೆ ಒಂದು ಓರೆ ತಗಡು ಕೂರಿಸಿದ ಮೇಲೆ ವ್ಯತ್ಯಾಸ ಕಾಲು ಭಾಗಕ್ಕೆ ಇಳಿಯಿತು. ಆ ತಗಡಿನ ಕೋನವನ್ನೂ ಅದರಲ್ಲಿ ಕೊರೆದ ತೂತುಗಳ ಲೆಕ್ಕವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಪ್ಲೀನಮ್ ಥ್ರಾಟಲಿನ ಹೊರಗಿರುವುದರಿಂದ, ಇಸಿಯುಗೆ ಒತ್ತಡದ ಓದನ್ನು ಅಲ್ಲಿಂದ ಕೊಡಬಾರದು. ಥ್ರಾಟಲ್ ದಾಟಿದ ಮೇಲೆ ನಾಲ್ಕೂ ರನ್ನರಿನಿಂದ (ಸಿಲಿಂಡರಿಗೆ ಗಾಳಿ ಒಯ್ಯುವ ಕೊಳವೆಯಿಂದ) ಸಣ್ಣ ಹೋಸ್ ಎಳೆದು ಒಂದು ಪುಟ್ಟ ಡಬ್ಬಿಗೆ ಸೇರಿಸಿ, ಅಲ್ಲಿಂದ ಸೆನ್ಸರಿಗೆ ಕೊಟ್ಟೆ. ಬೂಸ್ಟ್ (ಟರ್ಬೊ ಕೊಡುವ ಒತ್ತಡ) ಇಲ್ಲದಾಗ ಥ್ರಾಟಲ್ ಕೋನ, ಬೂಸ್ಟ್ ಬಂದಾಗ ಒತ್ತಡ ನೋಡಿ ಪೆಟ್ರೋಲ್ ಬಿಡುವಂತೆ ಮ್ಯಾಪ್ (ಇಸಿಯುವಿನ ಲೆಕ್ಕದ ಪಟ್ಟಿ) ಹೊಂದಿಸಿದ್ದೇನೆ. ನಮ್ಮೂರಿನ ಎತ್ತರದಲ್ಲಿ ಹೊರಗಾಳಿಯೇ 89 ಕಿಲೊಪಾಸ್ಕಲ್, ಮುಳ್ಳಯ್ಯನಗಿರಿಯ ದಾರಿ ಏರಿದರೆ ಇನ್ನೂ ಏಳೆಂಟು ಕಡಿಮೆ. ಬಯಲುಸೀಮೆಯ ಮ್ಯಾಪನ್ನು ಹಾಗೆಯೇ ತಂದು ಹಾಕುವವರು ಇದನ್ನು ನೆನಪಿಡಬೇಕು. ಬ್ಲೋ-ಆಫ್ ವಾಲ್ವಿನ (ಕಾಲು ಎತ್ತಿದಾಗ ಒತ್ತಿದ ಗಾಳಿಯನ್ನು ಹೊರಬಿಡುವುದರ) ಮತ್ತು ಪೆಟ್ರೋಲ್ ರೆಗ್ಯುಲೇಟರಿನ ಹೋಸುಗಳೂ ಆ ಡಬ್ಬಿಗೇ ಹೋಗಬೇಕು. ರೆಗ್ಯುಲೇಟರನ್ನು ಪ್ಲೀನಮ್ಮಿಗೆ ಕೊಟ್ಟರೆ ಕಾಲು ಎತ್ತಿದಾಗಲೂ ಪೆಟ್ರೋಲಿನ ಒತ್ತಡ ಏರಿಯೇ ಇದ್ದು, ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತದೆ.