ಬಿದಿರಕ್ಕಿ ಆರಿಸಿ, ಕುಟ್ಟಿ, ಉಂಡ ಕತೆ

ನಮ್ಮ ಬೇಣದಂಚಿನ (ತೋಟದ ಪಕ್ಕದ ಹುಲ್ಲುಗುಡ್ಡೆಯ ಅಂಚಿನ) ಮುಳ್ಳುಬಿದಿರು ಹೂಬಿಟ್ಟ ವರ್ಷ ಊರ ಹಿರಿಯರೆಲ್ಲ ಬರ ಬರುತ್ತದೆ ಅಂದರು. ಬಂದದ್ದು ಇಲಿ. ಉದುರಿದ ಕಾಳು ತಿಂದು ಮರಿ ಹಾಕಿ ಹಾಕಿ, ಕಾಳು ಮುಗಿದ ಮೇಲೆ ಅವು ಗದ್ದೆ, ಕಣಜಕ್ಕೆ ನುಗ್ಗುತ್ತವೆ. 1959ರಲ್ಲಿ ಮಿಜೋ ಬೆಟ್ಟಗಳಲ್ಲಿ (ಈಗಿನ ಮಿಜೋರಾಂ) ಕ್ಷಾಮ ಬಿದ್ದದ್ದು ಹೀಗೆಯೇ, ಅಲ್ಲಿನ ಬಿದಿರು ಮಾತ್ರ ಬೇರೆ ಜಾತಿಯದು.

ಬಿದಿರೂ ಹುಲ್ಲಿನ ಕುಲದ್ದೇ, ಭತ್ತದ ನೆಂಟ. ಮುಳ್ಳುಬಿದಿರು ಸುಮಾರು 40–50 ವರ್ಷಕ್ಕೊಮ್ಮೆ ಹೂಬಿಟ್ಟು, ಕಾಳುಕಟ್ಟಿ, ಇಡೀ ಮೆಳೆಯೇ ಒಣಗಿಹೋಗುತ್ತದೆ. ಆ ಕಾಳಿನ ಅಕ್ಕಿಯೇ ಬಿದಿರಕ್ಕಿ. ಅಷ್ಟು ಅಪರೂಪದ್ದನ್ನು ಬಿಡುವ ಮನಸ್ಸಾಗಲಿಲ್ಲ.

ಮೆಳೆಯ ಬುಡದ ಮುಳ್ಳು ಸವರಿ, ತರಗೆಲೆ ಗುಡಿಸಿ, ಕಣದ ಹಾಗೆ ಸಗಣಿ ಸಾರಿಸಿದೆವು. ಟಾರ್ಪಾಲು ಹಾಸಬಹುದು, ಆದರೆ ಮುಳ್ಳು ಚುಚ್ಚಿ ತೂತು ಬೀಳುತ್ತದೆ. ಬೇಸಿಗೆಯ ಗಾಳಿಗೆ ಕಾಳು ಉದುರುತ್ತಲೇ ಇರುತ್ತದೆ. ಬೆಳಿಗ್ಗೆ ಬೇಗ ಗುಡಿಸಿ ತರಬೇಕು, ತಡಮಾಡಿದರೆ ಕಾಡುಕೋಳಿಯ ಪಾಲು. ಮೊದಲ ಮಳೆ ಬಿದ್ದರಂತೂ ಮುಗಿಯಿತು, ಎಲ್ಲ ಮೊಳೆತುಬಿಡುತ್ತದೆ.

ನಿಜವಾದ ಕೆಲಸ ಮನೆಯಲ್ಲಿ. ಚೆನ್ನಾಗಿ ಬಿಸಿಲು ಕಾಯಿಸಿ, ಬಿಸಿ ಆರುವ ಮೊದಲೇ ಒರಳಿಗೆ ಹಾಕಿ ಹಗುರವಾಗಿ ಕುಟ್ಟಬೇಕು. ಒನಕೆ ಜೋರಾಗಿ ಬಿದ್ದರೆ ಬರೀ ನುಚ್ಚು. ಮೊರದಲ್ಲಿ ಕೇರಿ, ಹೊಟ್ಟು ಹಾರಿಸಿ, ಮತ್ತೆ ಕುಟ್ಟು. ನೆಲದಿಂದ ಬಂದದ್ದಾದ್ದರಿಂದ ಕಲ್ಲು ಖಂಡಿತ ಇರುತ್ತದೆ. ಎರಡು ಮೂರು ನೀರಿನಲ್ಲಿ ಜಾಲಿಸಿದರೆ ಜಳ್ಳು ತೇಲುತ್ತದೆ, ಕಲ್ಲು ತಳದಲ್ಲಿ ನಿಲ್ಲುತ್ತದೆ. ಚೀಲ ತುಂಬ ತಂದದ್ದು ಕೊನೆಗೆ ಡಬ್ಬಕ್ಕಿಳಿಯುವುದನ್ನು ನೋಡಿದರೆ ಅದರ ಬೆಲೆ ಯಾಕೆ ಅಷ್ಟು ಎಂದು ತಿಳಿಯುತ್ತದೆ.

ಪೇಟೆಯಲ್ಲಿ ಬಿದಿರಕ್ಕಿ ಎಂದು ಮಾರುವ ಪಚ್ಚೆಹಸಿರಿನದು ಬಿದಿರಿನ ರಸ ಹೀರಿಸಿದ ಸಾಮಾನ್ಯ ಅಕ್ಕಿ. ನಿಜವಾದದ್ದು ಮಾಸಲು ಕಂದು, ಉದ್ದಕ್ಕೆ ಗೀರು, ನೋಡಲು ಸಣಕಲು ಗೋಧಿ. ಮಂಡಿನೋವಿಗೆ ಮದ್ದು ಎಂದು ಕೇಳಿಕೊಂಡು ಬಂದವರೂ ಇದ್ದರು. ನಾನು ತಂದದ್ದು ಊಟಕ್ಕೆ.

ರಾತ್ರಿ ನೆನೆಹಾಕಿದರೆ ಒಳ್ಳೆಯದು. ಅಕ್ಕಿಗಿಂತ ಹೆಚ್ಚು ನೀರು, ಹೆಚ್ಚು ಸೀಟಿ ಬೇಕು. ಬೆಂದ ಮೇಲೂ ಹಲ್ಲಿಗೆ ಸಿಗುತ್ತದೆ, ಗೋಧಿ ಬೇಯಿಸಿದ ವಾಸನೆ. ಬರೀ ಅನ್ನವಾಗಿ ನನಗೆ ಅಷ್ಟಕ್ಕಷ್ಟೆ. ಬೆಲ್ಲ, ಕಾಯಿಹಾಲು ಹಾಕಿದ ಪಾಯಸವಾದರೆ ಎರಡನೇ ಲೋಟ ಕೇಳುತ್ತೇನೆ. ನುಚ್ಚು ಗಂಜಿಗೆ, ಪುಡಿಯಾದದ್ದು ಅರ್ಧಕ್ಕರ್ಧ ಅಕ್ಕಿ ಬೆರೆಸಿ ದೋಸೆಗೆ.

ಸಿಪ್ಪೆ ತೆಗೆಯದ ಒಂದಿಷ್ಟು ಕಾಳು ಬೇರೆ ಇಟ್ಟು ಅದೇ ಮಳೆಗಾಲ ಸಸಿ ಮಾಡಲು ತೊಟ್ಟೆಗೆ (ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ) ಹಾಕಿದೆ. ಮೊಳೆಯುವ ಶಕ್ತಿ ಕೆಲವೇ ತಿಂಗಳಲ್ಲಿ ಹೋಗುತ್ತದೆ. ಒಣಗಿದ ಮೆಳೆಯನ್ನು ಮುಂದಿನ ಬೇಸಿಗೆಗೆ ಮೊದಲೇ ಕಡಿಸಿದೆ, ಬೆಂಕಿ ಹತ್ತಿದರೆ ಪಕ್ಕದ ತೋಟ ಉಳಿಯುವುದಿಲ್ಲ.