ಆಳದ ಬೊಂಡಾಸಿನ ಸಣ್ಣ ಮೂಳೆಯಲ್ಲಿ ಬೆಳ್ಳಿ ಎರಕ: ನನ್ನ ಅನುಭವ

ಕಪ್ಪೆ ಬೊಂಡಾಸು ಎಂಬ ಕಡಲಜೀವಿಯ (ಕಟಲ್‌ಫಿಶ್) ಮೆತ್ತನೆ ಮೂಳೆಯಲ್ಲಿ ಅಚ್ಚು ಮಾಡಿ, ಕರಗಿದ ಬೆಳ್ಳಿ ಹೊಯ್ದು ಒಡವೆ ಮಾಡುವ ಕಸುಬು ನನ್ನದು. "ಸಣ್ಣ ಮೂಳೆಯಲ್ಲಿ ಎರಕ ನಿಲ್ಲುವುದಿಲ್ಲ, ಬೆಳ್ಳಿ ಹಾಳು" ಎಂದು ನಮ್ಮ ಕಸುಬಿನವರೇ ನಕ್ಕಿದ್ದರು. ಕಳೆದ ದೀಪಾವಳಿಗೆ ಅದೇ ಮೂಳೆಯಲ್ಲಿ ಎರೆದ ಹದಿನಾರು ಜೊತೆ ಬೆಂಡೋಲೆ ಮಾರಿದೆ. ನಕ್ಕವರಲ್ಲಿ ಒಬ್ಬರು ಈಗ ದಾರಿ ಕೇಳುತ್ತಿದ್ದಾರೆ.

ಸಮುದ್ರನೊರೆ ಎಂದು ಕರೆಯುವ ಈ ಮೂಳೆಯಲ್ಲಿ ಎರಕ ಹೊಯ್ಯುವುದು ಕಸುಬಿನವರಿಗೆ ಹೊಸತಲ್ಲ. ನನ್ನ ತಕರಾರು ದೊಡ್ಡ ಕಪ್ಪೆ ಬೊಂಡಾಸಿನ ಮೂಳೆಯ ಪದರಗಳು ಬೆಳ್ಳಿಯಲ್ಲಿ ಮೂಡಿಸುವ ಗೆರೆಗಳ ಮೇಲೆ. ಉಂಗುರಕ್ಕೆ ಚಂದ, ಬೆಂಡೋಲೆಯಲ್ಲಿ ನಾಲ್ಕೇ ಗೆರೆ ಬಿದ್ದು ಅರ ಉಜ್ಜಿದ ಹಾಗೆ ಕಾಣುತ್ತದೆ.

ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದ ಅಕ್ಕನ ಮಗ ದಾರಿ ತೋರಿಸಿದ. ಮೂಳೆಯ ಪದರಗಳ ನಡುವೆ ಇರುವುದು ಗಾಳಿ, ಬೊಂಡಾಸು ತೇಲುವುದೇ ಅದರಿಂದ. ಪ್ರತಿ 10 ಮೀಟರ್ ಇಳಿದಾಗ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಪದರ ಒತ್ತೊತ್ತಾಗಿದ್ದರೆ ಮಾತ್ರ ಆಳದಲ್ಲಿ ಮೂಳೆ ಪುಡಿಯಾಗದೆ ಉಳಿಯುತ್ತದಂತೆ. ಯುರೋಪಿನ ದೊಡ್ಡ ಜಾತಿ ಸೆಪಿಯಾ ಅಫಿಸಿನಾಲಿಸ್ 200 ಮೀಟರ್ ಸುಮಾರಿಗೆ ನಿಲ್ಲುತ್ತದೆ. ಅಂಗೈಯಷ್ಟಿರುವ ಸೆಪಿಯಾ ಆರ್ಬಿನಿಯಾನಾ 400 ಮೀಟರ್ ದಾಟಿಯೂ ಇರುತ್ತದೆ. ನನಗೆ ಕೇಳಿಸಿದ್ದು ಒಂದೇ: ಆಳದ ಮೂಳೆಯಲ್ಲಿ ಗೆರೆ ಸಣ್ಣ.

ಮೊದಲ ವರ್ಷ ಮಲ್ಪೆ ದಂಡೆಯಲ್ಲಿ ಹೆಕ್ಕಿದೆ. ದಡ್ಡತನ. ಸತ್ತ ಮೇಲೆ ಮೂಳೆ ತೇಲಿಕೊಂಡು ಎಲ್ಲಿಂದ ಎಲ್ಲಿಗೋ ಬರುತ್ತದೆ, ಯಾವ ಆಳದ್ದೆಂದು ಹೇಳುವವರು ಯಾರು? ಗಿಡಮೂಲಿಕೆ ಮಾರುವ ಗ್ರಂಧಿಗೆ ಅಂಗಡಿಯಲ್ಲಿ ಕೊಂಡದ್ದರಲ್ಲಿ ಅರ್ಧ ಚೂರಾಗಿತ್ತು. ಮೂರನೆಯ ಪೆಟ್ಟು ಇನ್ನೂ ದೊಡ್ಡದು: ಚೀಲ ತುಂಬ ಸಣ್ಣ ಮೂಳೆ ಸಿಕ್ಕಿತೆಂದು ಹಿಗ್ಗಿದೆ, ನೋಡಿದರೆ ದೊಡ್ಡ ಜಾತಿಯ ಮರಿಗಳದ್ದು. ಜೊತೆಗೆ ದಡದ ಹತ್ತಿರವೇ ಇರುವ ಸೆಪಿಯೆಲ್ಲಾ ಎಂಬ ಬೇರೆ ಬಗೆಯ ಬೊಂಡಾಸಿನದ್ದೂ ಇತ್ತು. ಅದರ ಮೂಳೆಗೆ ಹಿಂದಿನ ತುದಿಯಲ್ಲಿ ಮುಳ್ಳಿಲ್ಲ, ಅದೊಂದೇ ಗುರುತು ಸುಲಭ.

ಕೊನೆಗೆ ಆಳಸಮುದ್ರ ಬೋಟು ನಡೆಸುವ ತಾಂಡೇಲರೊಬ್ಬರನ್ನು ಹಿಡಿದೆ. "ಅದು ಫಿಶ್‌ಮಿಲ್ಲಿಗೆ ಹೋಗುವ ಸಾಮಾನು ಮಾರಾಯ್ರೆ, ನಿಮಗೆ ಎಂತಕ್ಕೆ?" ಎಂದರು. ಅರುವತ್ತು ಮಾರಿನ ಆಚೆ ಎಳೆದ ಬಲೆಯದ್ದು ಮಾತ್ರ ಬೇರೆ ಚೀಲದಲ್ಲಿ ಇಡಿ ಎಂದೆ. ಚೀಲಕ್ಕೆ ಮುನ್ನೂರು ರೂಪಾಯಿ. ಭೂತಗನ್ನಡಿಯಲ್ಲಿ ಎಣಿಸಿದೆ: ದೊಡ್ಡದರಲ್ಲಿ ಸೆಂಟಿಮೀಟರಿಗೆ ಇಪ್ಪತ್ತರ ಹತ್ತಿರ ಪದರ, ಇದರಲ್ಲಿ ಮೂವತ್ತೈದು ಇರಬಹುದು. ಆ ರಾತ್ರಿ ನಿದ್ದೆ ಬರಲಿಲ್ಲ.

ಆದರೆ ಮೊದಲ ಹನ್ನೆರಡು ಅಚ್ಚಿನಲ್ಲಿ ಒಂಬತ್ತು ಸಿಡಿದವು. ತೇವ. ಮೊಣಕೈ ಮೇಲಿನ ಕಲೆ ಈಗಲೂ ಇದೆ. ಸಿಹಿನೀರಿನಲ್ಲಿ ನಾಲ್ಕು ದಿನ ನೆನೆಸಿ ಉಪ್ಪು ಬಿಡಿಸಿ, ನೆರಳಲ್ಲಿ ಮೂರು ವಾರ ಒಣಗಿಸಬೇಕು, ಬಿಸಿಲಿಗಿಟ್ಟರೆ ಬಿರುಕು. ನಾತಕ್ಕೆ ಮನೆಯಲ್ಲಿ ಜಗಳವಾಗಿ ಹಟ್ಟಿಯ ಅಟ್ಟಕ್ಕೆ ಸಾಗಿಸಿದೆ. ಆಮೇಲೆ ಇನ್ನೊಂದು ತೊಂದರೆ: ಮೂಳೆ ತೆಳು, ಬೆಳ್ಳಿ ಮೂಳೆಯ ಬೆನ್ನನ್ನು ಸುಟ್ಟುಕೊಂಡು ಹಿಂದೆ ಇಳಿಯಿತು. ಎರಡು ಮೂಳೆಯ ಮೆತ್ತನೆ ಮುಖ ಸೇರಿಸಿ ಬೆನ್ನಿಗೆ ಲೇಪ ಕೊಟ್ಟ ಮೇಲೆ ನಿಂತಿತು. ಲೇಪದಲ್ಲಿ ಅರ್ಧ ಇಟ್ಟಿಗೆ ಪುಡಿ. ಉಳಿದರ್ಧ ನನ್ನಲ್ಲೇ ಇರಲಿ. ಬೆಳ್ಳಿ ಕರಗಿ ಕನ್ನಡಿಯಾದ ಕೂಡಲೇ ಹೊಯ್ಯಿರಿ, ಇನ್ನಷ್ಟು ಕಾಯಿಸಿದರೆ ಗೆರೆ ಸುಟ್ಟುಹೋಗುತ್ತದೆ.

ನಡುವೆ ಬೊಂಡಾಸಿನ ಶಾಯಿಯಿಂದಲೇ ಬೆಳ್ಳಿ ಕಪ್ಪು ಮಾಡಲು ಹೊರಟಿದ್ದೆ. ಒರೆಸಿದರೆ ಹೋಯಿತು, ಗಂಧಕದ ನೀರಿಗೆ ಸಮ ಇಲ್ಲ. ಒಡೆದ ಮೂಳೆ ಪಕ್ಕದ ಮನೆಯ ಗಿಳಿಗೆ ಕೊಟ್ಟೆ, ಅದಂತೂ ಸುಖವಾಗಿದೆ.

ಗ್ಯಾಸು, ತೇಮಾನು, ಹಾಳಾದ ದಿನ ಸೇರಿಸಿ ಹನ್ನೊಂದು ಸಾವಿರ ಕಳೆದಿರಬೇಕು. ಐದು ಗ್ರಾಂ ತೂಕದ ಒಂದು ಜೊತೆ ಬೆಂಡೋಲೆಗೆ ಸಾವಿರದ ನಾನೂರರ ಮೇಲೆ ಸಿಕ್ಕಿತು. ಸಾದಾ ಎರಕಕ್ಕೆ ಆಗ ಸಿಗುತ್ತಿದ್ದದ್ದು ಅದರ ಅರ್ಧ. ಒಂದು ಅಚ್ಚು ಒಂದೇ ಸಲ, ಎರಡನೆಯ ಸಲ ಹೊಯ್ದು ನೋಡಿ ಸೋತಿದ್ದೇನೆ. ಜೂನ್, ಜುಲೈ ಬೋಟು ಇಳಿಯುವುದಿಲ್ಲವಾದ್ದರಿಂದ ಮೇ ಮುಗಿಯುವುದರೊಳಗೆ ಇನ್ನೂರು ಮೂಳೆ ಅಟ್ಟ ಸೇರಬೇಕು. ತಾಂಡೇಲರು ಚೀಲಕ್ಕೆ ಐನೂರು ಕೇಳುತ್ತಿದ್ದಾರೆ, ಮೇಲೆ ಮಗಳಿಗೊಂದು ಜೊತೆ ಬೆಂಡೋಲೆಯಂತೆ.