ಕಾನ್ಫರೆನ್ಸಿಗೆ ಬೆಂಗಳೂರಿಗೆ ಬರ್ತಿದ್ದೀರಾ? ಮೆಟ್ರೋ, ಬಸ್ಸಲ್ಲೇ ಓಡಾಡೋದು ಹೀಗೆ

ದಾವಣಗೆರೆಯಿಂದ ನಮ್ಮ ಭಾವ ತುಮಕೂರು ರಸ್ತೆಯ ಬಿಐಇಸಿಲಿ, ಅಂದ್ರೆ ಅಲ್ಲಿರೋ ದೊಡ್ಡ ವಸ್ತುಪ್ರದರ್ಶನ ಕೇಂದ್ರದಲ್ಲಿ, ನಡೀತಿದ್ದ ಒಂದು ಕಾನ್ಫರೆನ್ಸಿಗೆ ಬಂದಿದ್ರು. ರಾತ್ರಿ ಬಸ್ಸು. ಬೆಳಗಿನ ಜಾವ ಆ ಬಸ್ಸು ಬಿಐಇಸಿ ಮುಂದೇನೇ ಹಾದುಹೋಗಿದೆ, ಇವರು ಮಂಕಿ ಕ್ಯಾಪ್ ಹಾಕ್ಕೊಂಡು ಗೊರಕೆ. ಮೆಜೆಸ್ಟಿಕ್‌ನಲ್ಲಿ ಇಳಿದು, ಆಟೋದವನು ಕೇಳಿದಷ್ಟು ಕೊಟ್ಟು, ಬಂದ ದಾರೀಲೇ ವಾಪಸ್ ಹೋದ್ರು. ಹೀಗೆ ಬಂದು ಒದ್ದಾಡಿದವರನ್ನ ನೋಡಿ ನೋಡಿ ಸಾಕಾಗಿ ಇದನ್ನ ಬರೀತಿದ್ದೀನಿ.

ಮೊದಲನೇದು, ನಿಮ್ಮ ಕಾರ್ಯಕ್ರಮ ಯಾವ ಲೈನಲ್ಲಿದೆ ಅಂತ ಊರಲ್ಲೇ ನೋಡ್ಕೊಳ್ಳಿ. ಹಸಿರು ಲೈನು ಮಾದಾವರದಿಂದ ರೇಷ್ಮೆ ಸಂಸ್ಥೆವರೆಗೆ, ನೇರಳೆ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ಕಾಡುಗೋಡಿವರೆಗೆ, 2025ರ ಆಗಸ್ಟಲ್ಲಿ ಶುರುವಾದ ಹಳದಿ ಆರ್.ವಿ. ರೋಡಿಂದ ಎಲೆಕ್ಟ್ರಾನಿಕ್ ಸಿಟಿ ಮೇಲೆ ಬೊಮ್ಮಸಂದ್ರಕ್ಕೆ. ಬಿಐಇಸಿ ಅಂದ್ರೆ ಮಾದಾವರ ಸ್ಟೇಷನ್. ಅರಮನೆ ಮೈದಾನ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಅಂದ್ರೆ ಸದ್ಯಕ್ಕೆ ಮೆಟ್ರೋ ಆಸೆ ಬಿಡಿ, ಬಳ್ಳಾರಿ ರಸ್ತೆ ಬಸ್ಸೇ ಗತಿ.

ಆಮೇಲೆ ರೂಮು. ಮ್ಯಾಪಲ್ಲಿ ಮೂರು ಕಿಲೋಮೀಟರ್ ಅಂತ ಕಂಡ ತಕ್ಷಣ ಬುಕ್ ಮಾಡ್ಬೇಡಿ ದಯವಿಟ್ಟು. ಬೆಳಿಗ್ಗೆ ಒಂಬತ್ತಕ್ಕೆ ಆ ಮೂರು ಕಿಲೋಮೀಟರು ಮುಕ್ಕಾಲು ಗಂಟೆ ತಿನ್ನುತ್ತೆ, ಅದೇ ಹೊತ್ತಲ್ಲಿ ಮೆಟ್ರೋದಲ್ಲಿ ಊರಿನ ಆ ಕಡೆಯಿಂದ ಈ ಕಡೆಗೆ ಬಂದುಬಿಡ್ತೀರ. ದೂರ ಆದ್ರೂ ಪರ್ವಾಗಿಲ್ಲ, ಅದೇ ಲೈನಲ್ಲಿರೋ ಸ್ಟೇಷನ್ನಿಗೆ ನಡೆದು ಹೋಗೋ ಹಾಗಿರೋ ರೂಮು ಹಿಡೀರಿ. ಹಸಿರು ಲೈನಾದ್ರೆ ನಾನು ಕಣ್ಮುಚ್ಕೊಂಡು ಮಲ್ಲೇಶ್ವರ ಅಂತೀನಿ, ತಿಂಡಿ ಚಿಂತೇನೂ ಇರಲ್ಲ.

ಟಿಕೆಟ್ಟು ಸುಲಭ. ಒಂದೆರಡು ದಿನಕ್ಕಾದ್ರೆ ಫೋನಲ್ಲಿ ಕ್ಯೂಆರ್ ತಗೊಳ್ಳಿ, ವರ್ಷಕ್ಕೆ ನಾಲ್ಕು ಸಲ ಬರೋರು ಕಾರ್ಡ್ ಮಾಡಿಸ್ಕೊಳ್ಳಿ. ಒಂದೇ ಒಂದು ತೊಡಕು ಹೆಸರುಗಳದ್ದು. ನಾವು ಸೆಂಟ್ರಲ್ ಕಾಲೇಜು ಅನ್ನೋದು ಅಲ್ಲಿ ಸರ್ ಎಂ. ವಿಶ್ವೇಶ್ವರಯ್ಯ, ಸಿಟಿ ಮಾರ್ಕೆಟ್ ಅನ್ನೋದು ಕೃಷ್ಣರಾಜೇಂದ್ರ ಮಾರುಕಟ್ಟೆ, ಮೆಜೆಸ್ಟಿಕ್ಕು ನಾಡಪ್ರಭು ಕೆಂಪೇಗೌಡ ನಿಲ್ದಾಣ.

ಈಗ ಅಸಲಿ ವಿಷಯ, ಮೆಜೆಸ್ಟಿಕ್. ತೊಂಬತ್ತು ಭಾಗ ಜನ ಎಡವೋದು ಇಲ್ಲೇ.

ರೈಲಲ್ಲಿ ಬಂದೋರು ಪ್ಲಾಟ್‌ಫಾರ್ಮ್ ಮೇಲೆ ಇಳಿದ ಕೂಡ್ಲೆ ಜನ ಹೋದ ಕಡೆ ಹೋಗ್ಬೇಡಿ, ಒಂದು ನಿಮಿಷ ನಿಂತು ಯೋಚ್ನೆ ಮಾಡಿ. ಮೆಜೆಸ್ಟಿಕ್ ಎದುರಿನ ಈ ಕೆಎಸ್‌ಆರ್ ಬೆಂಗಳೂರು ರೈಲ್ವೇ ಸ್ಟೇಷನ್ನಿಗೆ ಎರಡು ಮೆಟ್ರೋ ಸ್ಟೇಷನ್ ಇವೆ. ಮುಂದಿನ ಕಡೆ, ಅಂದ್ರೆ ಒಂದನೇ ಪ್ಲಾಟ್‌ಫಾರ್ಮ್ ಕಡೆ ಹೊರಗೆ ಬಂದು ರಸ್ತೆ ದಾಟಿದ್ರೆ ಮೆಜೆಸ್ಟಿಕ್ ಮೆಟ್ರೋ, ಅಲ್ಲಿ ಹಸಿರು ನೇರಳೆ ಎರಡೂ ಸಿಗುತ್ತೆ. ಹಿಂದಿನ ಕಡೆ, ಹತ್ತನೇ ಪ್ಲಾಟ್‌ಫಾರ್ಮ್ ಆಚೆ ಸಂಗೊಳ್ಳಿ ರಾಯಣ್ಣ ಮೆಟ್ರೋ ಸ್ಟೇಷನ್, ಅಲ್ಲಿ ನೇರಳೆ ಮಾತ್ರ. ವೈಟ್‌ಫೀಲ್ಡ್ ಕಡೆ ಹೋಗೋರು ಹಿಂದಿಂದಾನೇ ಹೊರಡಿ, ಮುಂದೆ "ಎಲ್ಲಿಗೆ ಸಾರ್, ಎಲ್ಲಿಗೆ ಮೇಡಂ" ಅಂತ ಬ್ಯಾಗ್ ಎಳೆಯೋ ಆಟೋದವರ ಕೋಟೆ ದಾಟೋ ಕೆಲಸ ತಪ್ಪುತ್ತೆ.

ಒಳಗೆ ಹೋಗೋಕೆ ಮುಂಚೆ ಬ್ಯಾಗ್ ಸ್ಕ್ಯಾನಿಂಗ್ ಇರುತ್ತೆ, ಬೆಳಿಗ್ಗೆ ಅದರ ಕ್ಯೂಗೇ ಹತ್ತು ನಿಮಿಷ ಇಟ್ಕೊಳ್ಳಿ. ಪೋಸ್ಟರ್ ಸುತ್ತಿದ ಉದ್ದದ ಟ್ಯೂಬನ್ನೂ ಮೆಷಿನ್ನಿಗೆ ಹಾಕ್ಬೇಕು, ಆ ಕಡೆ ಹೋಗಿ ಹಿಡ್ಕೊಳ್ಳಿ ಇಲ್ಲಾಂದ್ರೆ ಉರುಳಿ ಯಾರದೋ ಕಾಲಿಗೆ.

ಲೈನ್ ಬದಲಾಯಿಸೋವಾಗ ಗೇಟು ದಾಟಿ ಹೊರಗೆ ಬರ್ಬೇಡಿ. ಇದನ್ನ ಎಷ್ಟು ಸಲ ಹೇಳಿದ್ರೂ ಸಾಲದು. ವೈಟ್‌ಫೀಲ್ಡಿಂದ ಮಾದಾವರಕ್ಕೆ ಒಂದೇ ಟಿಕೆಟ್ಟು, ಮೆಜೆಸ್ಟಿಕ್‌ನಲ್ಲಿ ಇಳಿದು ಒಳಗೊಳಗೇ ಎಸ್ಕಲೇಟರಲ್ಲಿ ಇನ್ನೊಂದು ಪ್ಲಾಟ್‌ಫಾರ್ಮಿಗೆ ಹೋಗ್ಬೇಕು ಅಷ್ಟೇ. ಜನ ಏನ್ ಮಾಡ್ತಾರೆ ಅಂದ್ರೆ ಗುಂಪಿನ ಜೊತೆ ತಳ್ಳಿಸ್ಕೊಂಡು ಎಕ್ಸಿಟ್ ಗೇಟಿಗೆ ಬಂದು ಕ್ಯೂಆರ್ ತೋರಿಸ್ತಾರೆ, ಗೇಟು ತೆಗೆಯುತ್ತೆ, ಟಿಕೆಟ್ಟಿನ ಕಥೆ ಅಲ್ಲಿಗೆ ಮುಗೀತು. ಮತ್ತೆ ಟಿಕೆಟ್ಟು, ಮತ್ತೆ ಸ್ಕ್ಯಾನಿಂಗ್ ಕ್ಯೂ. ಬೋಗಿಯಿಂದ ಇಳಿದ ಮೇಲೆ ಗೋಡೆ ಪಕ್ಕ ಸರಿದು ನಿಂತು ಗುಂಪು ಹೋಗೋಕೆ ಬಿಡಿ, ಆಮೇಲೆ ತಲೆ ಎತ್ತಿ ಬೋರ್ಡ್ ನೋಡಿ. ಬಣ್ಣ ನೋಡಿದ್ರೆ ಸಾಲದು, ಕೊನೇ ಸ್ಟೇಷನ್ ಹೆಸರು ನೋಡ್ಬೇಕು. ಮಾದಾವರ ಅಂತಿದ್ಯೋ ರೇಷ್ಮೆ ಸಂಸ್ಥೆ ಅಂತಿದ್ಯೋ? ಎರಡೂ ಹಸಿರೇ, ದಿಕ್ಕು ಮಾತ್ರ ಉಲ್ಟಾ. ಇನ್ನೊಂದು, ಎಲ್ಲಾ ಟ್ರೈನೂ ಕೊನೇತನಕ ಹೋಗಲ್ಲ, ಕೆಲವು ಮಧ್ಯದಲ್ಲೇ ನಿಂತುಬಿಡ್ತವೆ. ಅನೌನ್ಸ್‌ಮೆಂಟ್ ಕನ್ನಡದಲ್ಲೇ ಬರುತ್ತೆ, ಕಿವಿಯಿಂದ ಇಯರ್‌ಫೋನ್ ತೆಗೀರಿ. ಮುಂದಿನ ಬೋಗಿ ಹೆಂಗಸರಿಗೆ, ಗಂಡಸರು ಓಡಿಬಂದು ಅದಕ್ಕೇ ಹತ್ತಿ ಬೈಸ್ಕೊಳ್ಳೋದನ್ನ ದಿನಾ ನೋಡ್ತೀನಿ.

ಸ್ಟೇಷನ್ನಿಂದ ಹಾಲ್‌ವರೆಗೆ ಒಂದು ಕಿಲೋಮೀಟರ್ ಒಳಗಾದ್ರೆ ನಡೀರಿ. ಆಟೋ ಬೇಕೇಬೇಕು ಅಂದ್ರೆ ಮೀಟರ್ ರೇಟು ಗೊತ್ತಿರ್ಲಿ, 2025ರ ಆಗಸ್ಟಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ಹತ್ತೋ ಮುಂಚೆ ಕತ್ತಲ್ಲಿರೋ ಐಡಿ ಕಾರ್ಡ್ ತೆಗೆದು ಜೇಬಿಗೆ ಹಾಕ್ಕೊಳ್ಳಿ, ಆ ಟ್ಯಾಗ್ ಕಂಡ್ರೆ ರೇಟು ಏರುತ್ತೆ.

ಬಿಎಂಟಿಸಿ ಬಸ್ಸಲ್ಲಿ ನಂಬರಿನ ಹಿಂದಿರೋ ಅಕ್ಷರಾನೂ ಓದಿ. ನಂಬರ್ ಒಂದೇ ಇದ್ರೂ ಅಕ್ಷರ ಬೇರೆ ಆದ್ರೆ ದಾರೀನೇ ಬೇರೆ. ಹತ್ತೋವಾಗ ಇಳಿಯೋ ಜಾಗದ ಹೆಸರು ಹೇಳಿ ಕಂಡಕ್ಟರ್‌ನ ಕೇಳಿಬಿಡಿ, ಅದಕ್ಕಿಂತ ಒಳ್ಳೆ ಆ್ಯಪ್ ನಾನು ನೋಡಿಲ್ಲ. ಬಸ್ಸು ಲೈವಾಗಿ ಎಲ್ಲಿದೆ ಅಂತ ತೋರಿಸೋ ಒಂದು ಆ್ಯಪ್ ನಂಬಿ ನಾನು ಇಪ್ಪತ್ತು ನಿಮಿಷ ಬಿಸಿಲಲ್ಲಿ ನಿಂತಿದ್ದೀನಿ, ಬಸ್ಸು ಫೋನಲ್ಲಿ ನನ್ನ ಮುಂದೆ ಹಾದುಹೋಯ್ತು, ರಸ್ತೇಲಿ ಬರ್ಲಿಲ್ಲ. ದುಡ್ಡು ಯುಪಿಐನಲ್ಲಿ ಕೊಡಿ, ಇಲ್ಲಾಂದ್ರೆ ಚಿಲ್ಲರೆ ಬಾಕೀನ ಟಿಕೆಟ್ಟಿನ ಹಿಂದೆ ಬರೆದು ಕೊಡ್ತಾರೆ, ನೀವು ಇಳಿಯೋವಾಗ ಮರೀತೀರಿ. ಕರ್ನಾಟಕದ ಹೆಣ್ಮಕ್ಕಳಿಗೆ ಸಾಮಾನ್ಯ ಬಸ್ಸಲ್ಲಿ ಶಕ್ತಿ ಯೋಜನೆ ಉಂಟು, ರಾಜ್ಯದ ವಿಳಾಸ ಇರೋ ಕಾರ್ಡ್ ತೋರಿಸಿದ್ರೆ ಫ್ರೀ. ಎಸಿ ವಜ್ರದಲ್ಲಿ, ಏರ್‌ಪೋರ್ಟಿನ ವಾಯು ವಜ್ರದಲ್ಲಿ ದುಡ್ಡು ಕೊಡ್ಬೇಕು.

ಸಾಯಂಕಾಲ ಕಾರ್ಯಕ್ರಮ ಮುಗಿದ ತಕ್ಷಣ ಎಲ್ಲರ ಜೊತೆ ಓಡ್ಬೇಡಿ, ಕಾಫಿ ಕುಡಿದು ಗದ್ದಲ ಇಳಿದ ಮೇಲೆ ಹೊರಡಿ. ಮೆಟ್ರೋ ರಾತ್ರಿ ಹನ್ನೊಂದರ ಆಸುಪಾಸಿನವರೆಗೂ ಇರುತ್ತೆ. ಭಾನುವಾರ ಬೆಳಿಗ್ಗೆ ಮಾತ್ರ ಏಳಕ್ಕೆ ಶುರು.

ವಾಪಸ್ ಹೋಗೋ ದಿನ ರೈಲು ಟಿಕೆಟ್ ತೆಗೆದು ಸ್ಟೇಷನ್ ಹೆಸರು ಇನ್ನೊಂದ್ಸಲ ಓದಿ. ಯಶವಂತಪುರ ಅಂತಿದ್ರೆ ಮೆಜೆಸ್ಟಿಕ್ಕಿಗೆ ಹೋಗ್ಲೇಬೇಡಿ, ಹಸಿರು ಲೈನಲ್ಲಿ ಅಲ್ಲೇ ಇಳೀರಿ. ಎಸ್‌ಎಂವಿಟಿ, ಅಂದ್ರೆ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್, ಅಂತಿದ್ರೆ ಹುಷಾರು. ಅದು ಬೈಯಪ್ಪನಹಳ್ಳಿ ಅಂತಾರೆ ನಿಜ, ಆದ್ರೆ ಬೈಯಪ್ಪನಹಳ್ಳಿ ಮೆಟ್ರೋ ಸ್ಟೇಷನ್ ಪಕ್ಕದಲ್ಲಿಲ್ಲ, ಅಲ್ಲಿಂದ ಮತ್ತೆ ಬಸ್ಸೋ ಆಟೋನೋ ಹಿಡೀಬೇಕು. ಅರ್ಧ ಗಂಟೆ ಜಾಸ್ತಿ ಇಟ್ಕೊಳ್ಳಿ. ಭಾವ ಇಟ್ಕೊಂಡಿರ್ಲಿಲ್ಲ, ಆ ರಾತ್ರಿ ನಮ್ಮನೇಲೇ ಊಟ ಮಾಡಿ ಮಲಗಿದ್ರು.